ನಾಲ್ಕು ಸಲ ಮೂವತ್ತು ಗುಂಟೆ

ಮೊನ್ನೆ ಪತ್ರಿಕೆಯಲ್ಲಿ ಓದಿದೆ. ದೊಡ್ಡ ಲೆಕ್ಕಕ್ಕೆ ಒಂದೇ ಚುರುಕು ಕಂಪ್ಯೂಟರ್ ಸಾಲದಂತೆ. ಕೂಡುವುದು, ಗುಣಿಸುವುದು ಬಿಟ್ಟರೆ ಬೇರೇನೂ ಬಾರದ ಸಾವಿರಾರು ಪುಟ್ಟ ಯಂತ್ರಗಳನ್ನು ಸಾಲಾಗಿ ಕೂರಿಸಿ, ಲೆಕ್ಕವನ್ನು ಹೋಳು ಮಾಡಿ ಹಂಚಿದರೆ ವರ್ಷದ ಕೆಲಸ ದಿನದಲ್ಲಿ ಮುಗಿಯುತ್ತದಂತೆ. ಬರೆದವನ ಸಂಭ್ರಮ ನೋಡಬೇಕು! ಈ ಮಹಾ ಬುದ್ಧಿವಂತಿಕೆಯನ್ನು ನಾವು ಐವತ್ತರ ದಶಕದಲ್ಲೇ ಗುಂಡ್ಲುಪೇಟೆಯ ಒಂದು ಬಾಡಿಗೆ ಮನೆಯ ಕಚೇರಿಯಲ್ಲಿ ಮಾಡಿ ಮುಗಿಸಿದ್ದೆವು.

ತೆರಕಣಾಂಬಿ ಕಡೆ ಹೊಸ ಕೆರೆಗೆ ಒಂದಷ್ಟು ಹೊಲ ಮುಳುಗುವುದಿತ್ತು. ಯಾರದು ಎಷ್ಟು ಮುಳುಗುತ್ತದೋ ಅವರಿಗೆ ಅಷ್ಟೇ ಜಮೀನು ಬೇರೆ ಕಡೆ ಕೊಡಬೇಕು. ಒಬ್ಬೊಬ್ಬರ ಹೊಲದ ತಾಕುಗಳ ಅಳತೆ ಕೂಡಿ ಪಟ್ಟಿ ಮಾಡಲು ನಾವು ನಾಲ್ವರು ಗುಮಾಸ್ತರು. ಕೈಲೆಕ್ಕವಾದರೆ ಎರಡು ತಿಂಗಳು ಬೇಕಿತ್ತು. ನಮ್ಮ ಸಾಹೇಬರು ಹಿಡಿಕೆ ತಿರುಗಿಸಿ ಕೂಡುವ ನಾಲ್ಕು ಯಂತ್ರ ತರಿಸಿದರು. ಆತ ಜನ್ಮದಲ್ಲಿ ಒಂದು ಬದುವಿನ ಮೇಲೆ ನಡೆದವನಲ್ಲ.

"ಎಕರೆ ಎಡಕ್ಕೆ, ಗುಂಟೆ ಬಲಗಡೆ ಎರಡು ಅಂಕಿ ಮನೆಗೆ. ಮಿಕ್ಕಿದ್ದು ಯಂತ್ರ ನೋಡ್ಕೊಳ್ಳುತ್ತೆ. ನೀವು ತಲೆ ಓಡಿಸ್ಬೇಡಿ" ಎಂದರು. ತಲೆ ಓಡಿಸದಿರುವುದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕಾಗದದ ನಾಲ್ಕು ಕಟ್ಟು, ನಾಲ್ಕು ಹಿಡಿಕೆ, ದಿನವಿಡೀ ಗರಗರ. ಎಂಟು ದಿನಕ್ಕೆ ಮುಗಿಯಿತು. ಒಬ್ಬರ ಕಟ್ಟನ್ನು ಇನ್ನೊಬ್ಬರು ತಿರುಗಿಸಿ ನೋಡಿದೆವು, ಎಲ್ಲ ತಾಳೆಯಾಯಿತು.

"ನಾಲ್ಕೂ ಒಂದೇ ಹೇಳ್ತಿವೆ ಅಂದ್ಮೇಲೆ ಇನ್ನೇನ್ರೀ?" ಎಂದು ಸಾಹೇಬರು ಸಹಿ ಹಾಕಿದರು.

ಮೈಸೂರಿನ ಕಚೇರಿಗೆ ಕಳಿಸುವ ಮುಂಚೆ, ಹೊಲದವರನ್ನೆಲ್ಲ ಕರೆಸಿ ನಮ್ಮ ಜಗಲಿಯ ಮೇಲೆ ನಿಂತು ಪಟ್ಟಿ ಓದಿದೆ. ಒಬ್ಬ ವಿಧವೆ ಮುಂದೆ ಬಂದಳು.

"ನಂದು ನಾಕು ತಾಕು ಬುದ್ದಿ. ಒಂದೊಂದೂ ಮೂವತ್ತು ಗುಂಟೆ. ಸೇರುದ್ರೆ ಮೂರೆಕ್ರೆ. ನೀವು ಒಂದೂವರೆ ಅಂತ ಓದ್ಬುಟ್ರಲ್ಲ, ಅರ್ಧ ಎಲ್ಲೋಯ್ತು?"

"ಯಂತ್ರಕ್ಕಿಂತ ನೀನು ಜಾಣೆ ಏನಮ್ಮ?" ಎಂದೆ. ಜನ ನಕ್ಕರು.

"ಅದು ಆ ಒಲ್ದಲ್ಲಿ ಕಳೆ ಕಿತ್ತದಾ ಬುದ್ದಿ? ನಾ ಕಿತ್ತಿವ್ನಿ."

ಅವಳ ಬಾಯಿ ಮುಚ್ಚಿಸಲೆಂದೇ ಒಳಗೆ ಹೋಗಿ ಹಿಡಿಕೆ ತಿರುಗಿಸಿದೆ. ಮೂವತ್ತು, ಅರವತ್ತು, ತೊಂಬತ್ತು. ನಾಲ್ಕನೆಯ ಸಲಕ್ಕೆ ಒಂದು ಎಕರೆ ಇಪ್ಪತ್ತು ಗುಂಟೆ. ನಮಗೆ ನಲವತ್ತು ಗುಂಟೆಗೆ ಎಕರೆ, ಯಂತ್ರಕ್ಕೆ ನೂರಾಗಬೇಕು. ಎಪ್ಪತ್ತು, ಎಂಬತ್ತು ಗುಂಟೆ ಎಂದು ಕಂಡಲ್ಲೆಲ್ಲ ಪೆನ್ಸಿಲ್ಲಿನಲ್ಲಿ ಎಕರೆಗೆ ತಿದ್ದಿದ್ದೆವು. ನೂರು ದಾಟಿ ಎಕರೆಯಾಗಿ ಕೂತದ್ದು ಒಬ್ಬನ ಕಣ್ಣಿಗೂ ಬಿದ್ದಿರಲಿಲ್ಲ. ನಾಲ್ಕೂ ಯಂತ್ರ ಒಂದೇ ತಪ್ಪನ್ನು ನಾಲ್ಕು ಪಟ್ಟು ಬೇಗ ಮಾಡಿದ್ದವು. ನಾವು ಅದನ್ನೇ ತಾಳೆ ಎಂದುಕೊಂಡಿದ್ದೆವು.

ಸಾಹೇಬರಿಗೆ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಅವಳದು ತಿದ್ದು. ಮಿಕ್ಕವರು ಕೇಳಿದಾಗ ನೋಡೋಣ."

ಅವಳದು ತಿದ್ದಿದೆ. ಪಟ್ಟಿ ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೆ ಹೋಯಿತು. ಮಿಕ್ಕವರು ಕೇಳಲಿಲ್ಲ, ಯಂತ್ರ ಹೇಳಿದ್ದಲ್ಲವೇ, ನಂಬಿದರು.

ಆ ಸಾಹೇಬರನ್ನು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ. ಆದರೆ ಮೂರನೆಯ ಹಿಡಿಕೆ ತಿರುಗಿಸಿದವನು ನಾನು. ಬಸ್ಸಿಗೆ ಹೋಗುವ ಮುಂಚೆ ಪಟ್ಟಿ ಒಂದು ರಾತ್ರಿಯೆಲ್ಲ ನನ್ನ ಮೇಜಿನ ಮೇಲೇ ಇತ್ತು. ನನ್ನ ಕಟ್ಟಿನಲ್ಲಿ ಅಂಥವರು ಇನ್ನೆಷ್ಟು ಜನ ಇದ್ದರೆಂದು ನಾನು ಬಿಚ್ಚಿ ನೋಡಲಿಲ್ಲ.