ಶೀಘ್ರದಲ್ಲೇ ಲಭ್ಯವಾಗಲಿದೆ

ಎಲ್ಲ ಇಲಾಖೆಗಳೂ ಒಟ್ಟಿಗಿರುವ ಸರ್ಕಾರದ ಆ ದೊಡ್ಡ ವೆಬ್‌ಸೈಟನ್ನು ಸುಧಾರಿಸಿದವರಲ್ಲಿ ನಾನೂ ಒಬ್ಬಳು ಎಂದು ಸೋದರತ್ತೆಯ ಊರಾದ ಝಳಕಿಯಲ್ಲಿ ಈಗ ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ. ಗುತ್ತಿಗೆ ಹಿಡಿದ ಕಂಪನಿಯೊಂದು ಕನ್ನಡ ಪುಟಗಳನ್ನು ತಿದ್ದಲು ನನ್ನನ್ನು ತೆಗೆದುಕೊಂಡಿತ್ತು. ಇಂಡಿ ಊರಿನ ನಮ್ಮ ಮನೆಯಲ್ಲೇ ಕುಳಿತು ತಿದ್ದುತ್ತಿದ್ದೆ, ಆಗಾಗ ವಿಡಿಯೋ ಸಭೆಯಲ್ಲಿ ಅಧಿಕಾರಿಗಳ ಮುಖ ನೋಡುತ್ತಿದ್ದೆ.

ತಿದ್ದುವುದೇನು ಮಣ್ಣು! ಆ ವೆಬ್‌ಸೈಟನ್ನು ಕಟ್ಟಿದ್ದೇ ಇಲಾಖೆಗಳಿಗಾಗಿ. ಹುಡುಗಿಯೊಬ್ಬಳಿಗೆ ಹಾಸ್ಟೆಲ್ ಬೇಕೆಂದರೆ, ಯಾವ ಇಲಾಖೆಯ ಹಾಸ್ಟೆಲ್ ಎಂದು ಅದು ಮೊದಲು ಕೇಳುತ್ತದೆ. ಹಾಸ್ಟೆಲ್ ನಡೆಸುವ ಇಲಾಖೆಗಳು ಮೂರ್ನಾಲ್ಕು, ಒಂದೊಂದಕ್ಕೂ ಒಂದೊಂದು ಬಾಗಿಲು. ಯಾವುದು ತನ್ನದೆಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಎಲ್ಲ ಹಾಸ್ಟೆಲುಗಳ ಮಾಹಿತಿಯನ್ನೂ ಕೊನೆಯ ದಿನಾಂಕಗಳನ್ನೂ ಒಂದೇ ಪುಟಕ್ಕೆ ತನ್ನಿ ಎಂದು ಬರೆದುಕೊಟ್ಟೆ. ಆ ಪುಟದಲ್ಲಿ ಯಾವ ಇಲಾಖೆಯ ಹೆಸರು ಮೇಲಿರಬೇಕು ಎಂಬ ಜಗಳದಲ್ಲೇ ಸಭೆಗಳು ಮುಗಿದುಹೋದವು.

ಝಳಕಿಯ ಹೆದ್ದಾರಿ ಪಕ್ಕದಲ್ಲಿ ನನ್ನ ಸೋದರತ್ತೆಯ ಖಾನಾವಳಿ. ಅವಳ ಮಗಳಿಗೆ ಸಿಂದಗಿಯ ಕಾಲೇಜಿನಲ್ಲಿ ಸೈನ್ಸ್ ಸೀಟು ಸಿಕ್ಕಿತ್ತು. ದಿನಾ ಓಡಾಡುವ ದೂರವಲ್ಲ. ಹಾಸ್ಟೆಲ್ ಸಿಕ್ಕರೆ ಓದು, ಸಿಗದಿದ್ದರೆ ಅವ್ವನ ಜೊತೆ ರೊಟ್ಟಿ ಬಡಿಯುವುದು.

ಒಂದು ದಿನ ಊಟಕ್ಕೆ ಹೋದಾಗ ಹಾಸ್ಟೆಲ್ ಏನಾಯಿತೆಂದು ಕೇಳಿದೆ.

"ಇನ್ನೂ ಬಂದಿಲ್ಲ ಅಕ್ಕಾ," ಎಂದಳು ಹುಡುಗಿ. "ದಿನಾ ಮುಂಜಾನೆ ತಗದು ನೋಡ್ತೇನಿ."

ಫೋನ್ ಇಸಿದುಕೊಂಡು ನೋಡಿದೆ. ಓದಿನ ವಿಷಯವಲ್ಲವೇ ಎಂದು ಅವಳು ಶಿಕ್ಷಣ ಎಂಬಲ್ಲಿ ಒತ್ತಿದ್ದಳು. ಅಲ್ಲಿ ಹಾಸ್ಟೆಲ್ ಎಂಬ ಪುಟವೂ ಇತ್ತು. ಅದರಲ್ಲಿ ಇದ್ದದ್ದು ಒಂದೇ ಸಾಲು: 'ಮಾಹಿತಿ ಶೀಘ್ರದಲ್ಲೇ ಲಭ್ಯವಾಗಲಿದೆ.' ಪಾಪ, ಅದನ್ನು ನಂಬಿ ಕಾಯುತ್ತಿದ್ದಳು. ನಾನು ಬೇರೆ ಇಲಾಖೆಯ ಪುಟಕ್ಕೆ ಹೋದೆ. ಅವಳಿಗೆ ಬೇಕಾದ ಹಾಸ್ಟೆಲ್ ಅಲ್ಲಿತ್ತು. ಅರ್ಜಿ ಹಾಕುವ ಕೊನೆಯ ದಿನ ಹಿಂದಿನ ವಾರವೇ ಮುಗಿದಿತ್ತು.

"ನನಗ್ಯಾಕ ಕೇಳಲಿಲ್ಲ, ಅತ್ತಿ?" ಎಂದು ರೇಗಿದೆ.

"ಲಗೂನ ಬರ್ತೈತಿ ಅಂತ ಸರ್ಕಾರದವ್ರ ಬರದಾರಲ್ಲವಾ. ನಿನಗ್ಯಾಕ ತ್ರಾಸು ಕೊಡೂದು ಅಂತ ಸುಮ್ನಿದ್ವಿ," ಎಂದಳು ಅತ್ತೆ.

ಮುಂದಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಚಹಾ ಕುಡಿಯುತ್ತಲೇ ಕೇಳಿಸಿಕೊಂಡರು. "ಮೇಡಂ, ಸರಿಯಾದ ಇಲಾಖೆ ಆರಿಸಿಕೊಳ್ಳೋದು ಅರ್ಜಿದಾರರ ಜವಾಬ್ದಾರಿ. ನಮ್ಮ ಪುಟದಲ್ಲಿ ತಪ್ಪು ಮಾಹಿತಿ ಏನಾದ್ರೂ ಇದೆಯಾ?"

ಇರಲಿಲ್ಲ. ಮಾಹಿತಿಯೇ ಇಲ್ಲದಿದ್ದ ಮೇಲೆ ತಪ್ಪೆಲ್ಲಿಂದ ಬರಬೇಕು? ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು.

"ಆ ಒಂದ್ ಸಾಲನ್ನರ ತಗಸ್ರಿ, ಸರ್. ಅದನ್ನ ನಂಬಿ ಮಂದಿ ಕಾಯಾಕತ್ತಾರ," ಎಂದೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ ಬರುವುದು ಇಂಡಿ ಕಡೆಯ ಮಾತೇ.

"ತೆಗೆದ್ರೆ ಪುಟ ಖಾಲಿ ಕಾಣುತ್ತಲ್ಲ," ಎಂದರು.

ಅಂಥವರ ಕೈಯಲ್ಲಿ ನಮ್ಮ ಮಕ್ಕಳ ದಾರಿ ಇದೆಯಲ್ಲ ಎಂದು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ತಡವಾಗಿಯಾದರೂ ಅರ್ಜಿ ತೆಗೆದುಕೊಳ್ಳಿ ಎಂದು ಕಚೇರಿಗೂ ಅಲೆದೆವು. ಆಗಲಿಲ್ಲ. ಹುಡುಗಿ ಸಿಂದಗಿಯ ಸೀಟು ಬಿಟ್ಟಳು.

ಸ್ವಲ್ಪ ದಿನಕ್ಕೆ ಸುಧಾರಿಸಿದ ವೆಬ್‌ಸೈಟು ಬಂತು. ಬಣ್ಣ ಹೊಸದು, ಬಾಗಿಲುಗಳು ಅವೇ. ಆ ಸಾಲನ್ನೂ ಹಾಗೇ ಉಳಿಸಿಕೊಂಡಿದ್ದರು. ಮುಖಪುಟದ ತುಂಬ ಒಂದು ಫೋಟೋ ಹಾಕಿದ್ದರು: ಎರಡು ಜಡೆಯ ಹುಡುಗಿಯೊಬ್ಬಳು ಹಾಸ್ಟೆಲ್ ಬಾಗಿಲಲ್ಲಿ ಚೀಲ ಹಿಡಿದು ನಗುತ್ತಿದ್ದಾಳೆ.

ಖಾನಾವಳಿಯಲ್ಲಿ ಅತ್ತೆಗೆ ಅದನ್ನು ತೋರಿಸಿ ಬೈಯುತ್ತಿದ್ದೆ. ಹಿಂದೆ ಒಲೆಯ ಮುಂದೆ ಮಗಳು ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು, ಆ ಫೋಟೋವನ್ನೇ ತುಂಬ ಹೊತ್ತು ನೋಡಿದಳು.

"ಈ ಹುಡುಗಿಗಿ ಸಿಕ್ಕೈತಲ್ಲ," ಎಂದಳು. "ಯಾವ ಇಲಾಖೆ ಒತ್ತಿದ್ಲು, ಒಂದ್ ಮಾತು ಕೇಳಿ ಹೇಳವಾ."