ಬರೇ ಲೈಟು, ಅಷ್ಟೇ

ಮೊನ್ನೆ ರಾಯದುರ್ಗದ ಬಜಾರಿನಲ್ಲಿ ಕಾಗದದ ನಕ್ಷತ್ರಗಳನ್ನು ತೂಗುಹಾಕಿದ್ದರು. ಮಗಳು ಒಂದನ್ನು ಹಿಡಿದು, "ತೊಗೊಳ್ಳಮ್ಮ. ಕ್ರಿಸ್‌ಮಸ್ಸು ಈಗ ಎಲ್ಲಾರ ಹಬ್ಬ. ದೇವರು ಗೀವರು ಏನಿಲ್ಲ ಅದರಾಗ" ಅಂದಳು. ಥೇಟ್ ಅವಳಪ್ಪನ ಮಾತು.

ಅವಳಿನ್ನೂ ತೊಟ್ಟಿಲಲ್ಲಿದ್ದ ವರ್ಷ ಇವರೂ ಇಂಥದೇ ನಕ್ಷತ್ರ ತಂದು ಬಾಗಿಲಿಗೆ ಕಟ್ಟಿದ್ದರು. "ಬರೇ ಲೈಟು, ಅಷ್ಟೇ. ಇದಕ್ಯಾವ ಜಾತಿ?" ಅಂದಿದ್ದರು. ನಮ್ಮತ್ತೆ ನೇಮಕಲ್ಲಿನ ಆಂಜನೇಯನಿಗೆ ನಡೆದುಕೊಳ್ಳುವವರು, ಚೆಂದ ಐತಿ ಅಂತ ಸುಮ್ಮನಾದರು. ನಾನೋ, ಜಪಕ್ಕೆ ಕೂತರೆ ಒಲೆ ಮೇಲಿನ ಹಾಲು ಮರೆಯುವವಳು. ನನಗೂ ಏನೂ ಅನ್ನಿಸಲಿಲ್ಲ.

ಎರಡು ದಿನ ಕಳೆದಿರಬೇಕು. ಸಂಜೆ ಚರ್ಚಿನ ಹಾಡಿನ ಗುಂಪು ಬಂದು ನಮ್ಮ ಬಾಗಿಲಲ್ಲೇ ನಿಂತಿತು! ನಕ್ಷತ್ರ ಕಂಡು ತಮ್ಮವರ ಮನೆ ಅಂದುಕೊಂಡಿದ್ದರು. ತೆಲುಗು ಹಾಡು, ಚಪ್ಪಾಳೆ. ಇವರು ಮೆಲ್ಲಗೆ ಹಿತ್ತಲಿಗೆ ಜಾರಿದರು. ಅತ್ತೆಯ ಬಾಯಿ ಎಂಥದೆಂದು ನನಗೆ ಗೊತ್ತು. ಹಬ್ಬದ ಹೊತ್ತಿನಲ್ಲಿ ಬಂದವರನ್ನು ಬೈದು ಕಳಿಸಿದರೆ ನಾಳೆ ಓಣಿಯಲ್ಲಿ ಹೇಗೆ ಮುಖ ತೋರಿಸಲಿ, ನೀವೇ ಹೇಳಿ.

ಅತ್ತೆ ತಲೆಮೇಲೆ ಸೆರಗು ಹೊದ್ದು ಹೊರಗೆ ಬಂದರು. ಹಾಡು ಮುಗಿಯುವ ತನಕ ಕೈಮುಗಿದು ನಿಂತರು. ಆಗ ಗುಂಪಿನ ಹಿರಿಯಾಕೆಗೆ ಒಳಗಿನ ಹನುಮಪ್ಪನ ಪಟ ಕಂಡಿತು. ನಾಲಿಗೆ ಕಚ್ಚಿಕೊಂಡಳು. "ತಪ್ಪಾತ್ರೀ ಅಮ್ಮಾ, ಮನಿ ತಪ್ಪಿ ಬಂದ್ವಿ."

"ದೇವರ ಹೆಸರು ಹೇಳಾಕ ಬಂದೀರಿ, ಎಂಥಾ ತಪ್ಪು? ನನ್ನ ಮಗ ಬರೇ ಲೈಟು ಅಂತಾನ, ಅವನಿಗೇನು ಗೊತ್ತು! ಕುಂದರ್ರಿ. ನನ್ನ ಮೊಣಕಾಲಿಗೆ ನಿಮ್ಮ ದೇವರ ಹತ್ರ ಒಂದು ಮಾತು ಹೇಳ್ರಿ. ನಮ್ಮ ಹನುಮಪ್ಪಗ ಹೇಳಿ ಹೇಳಿ ಸಾಕಾಗೈತಿ."

ನನಗೆ ಹೋದ ಜೀವ ಬಂದಂತಾಯಿತು. ಆಕೆ ನಗುತ್ತಲೇ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದಳು. ಹೊರಡುವಾಗ ಅತ್ತೆ ಬಿಡಲಿಲ್ಲ: "ನಿನಗೇನಾಗಬೇಕವ್ವಾ? ನಾನೂ ಹೇಳ್ತೀನಿ."

"ಮಗಳ ಹೆರಿಗಿ ಹತ್ರ ಬಂದೈತ್ರಿ" ಅಂದಳು, ದನಿ ಸಣ್ಣದು ಮಾಡಿ.

ಮಗಳಿಗೆ ಇಷ್ಟು ಹೇಳುವಾಗ ನಾವಿನ್ನೂ ಬಜಾರಿನಲ್ಲೇ ಇದ್ದೆವು. ಮಗಳು ನನ್ನ ಕೈ ಹಿಡಿದು ನಿಲ್ಲಿಸಿದಳು. "ಆಮ್ಯಾಲೆ? ಹೆರಿಗಿ ಸಸೂತ್ರ ಆತಾ?"

"ಆತು. ಹೆಣ್ಣು ಕೂಸು. ನಿಮ್ಮಜ್ಜಿ ಖುಷಿಗೆ ಎರಡು ಕಾಯಿ ತರಿಸಿದ್ರು. ಒಂದು ನೇಮಕಲ್ಲಿಗೆ, ಒಂದು ಚರ್ಚಿಗೆ. ಚರ್ಚಿಗೆ ನಾನೇ ಒಯ್ದೆ. ಅಲ್ಲಿ ಕಾಯಿ ಒಡೆಯೋ ಪದ್ಧತಿ ಇಲ್ಲಂತ. ಆಯಮ್ಮ ಚಟ್ನಿ ರುಬ್ಬಿ ಅರ್ಧ ನಮ್ಮನಿಗೇ ಕಳಿಸಿದ್ಲು."

"ಚಟ್ನೀನಾ?"

"ಹೂಂ. ಪ್ರಸಾದ ಅಂತ ನಿಮ್ಮಜ್ಜಿ ಕಣ್ಣಿಗೊತ್ತಿಕೊಂಡು ತಿಂದ್ರು."