ಡಾಂಬರಿನ ಕೆಳಗೊಂದು ಕಂಬಳಿ

ನಾನು ಚಿಕ್ಕವಳಿದ್ದಾಗ ಜಹೀರಾಬಾದಿನಲ್ಲಿ ಡಾಂಬರು ಇದ್ದದ್ದು ದೊಡ್ಡ ರಸ್ತೆಯ ಮೇಲೆ ಮಾತ್ರ. ಹೈದರಾಬಾದಿನಿಂದ ಬಂದು ಮುಂಬಯಿಯ ಕಡೆಗೆ ಹೋಗುವ ಆ ರಸ್ತೆ ಬಿಟ್ಟು ಕೆಳಗಿಳಿದರೆ ಎಲ್ಲೆಲ್ಲೂ ಕೆಂಪು ಮಣ್ಣು. ಮನೆಯಂಗಳವೂ ಮಣ್ಣು, ಸಂತೆಯ ಬಯಲೂ ಮಣ್ಣು, ನಮ್ಮ ಅಂಗಾಲೂ ಮಣ್ಣು. ಮಕ್ಕಳೇ, ನೀವು ಶೂ ಹುಡುಕುವುದರಲ್ಲೇ ಅರ್ಧ ಬೆಳಿಗ್ಗೆ ಕಳೆಯುತ್ತೀರಲ್ಲ, ನಮಗೆ ಆ ಗೋಜೇ ಇರಲಿಲ್ಲ.

ರಸ್ತೆಯ ಪಕ್ಕದಲ್ಲಿ ಒಂದು ಬೆಲ್ಲದ ಗೋದಾಮು ಇತ್ತು. ಮಳೆಗಾಲ ಬಂತೆಂದರೆ ಅದರ ಅಂಗಳದಲ್ಲಿ ಲಾರಿಗಳು ಕೆಸರಿನಲ್ಲಿ ಹೂತುಕೊಳ್ಳುತ್ತಿದ್ದವು. ಎತ್ತು ಕಟ್ಟಿ ಎಳೆಸಿ ಎಳೆಸಿ ಗೋದಾಮಿನ ಸಾಹುಕಾರರಿಗೆ ಸಾಕಾಗಿಹೋಯಿತು. ಒಂದು ಬೇಸಿಗೆಯಲ್ಲಿ ಅವರು ಇಡೀ ಅಂಗಳಕ್ಕೆ ಡಾಂಬರು ಹಾಕಿಸಲು ಹೊರಟರು. ಸರ್ಕಾರದ ರಸ್ತೆಗೆ ಹಾಕುವ ಡಾಂಬರನ್ನು ಯಾರಾದರೂ ತಮ್ಮ ಅಂಗಳಕ್ಕೆ ಹಾಕಿಸುತ್ತಾರೆಯೇ ಎಂದು ಊರೆಲ್ಲ ಬೆರಗಾಯಿತು.

ಡಾಂಬರು ಹಾಕುವ ಮೊದಲು ಕೆಳಗಿನ ನೆಲ ಗಟ್ಟಿಯಾಗಬೇಕು. ಇಲ್ಲದಿದ್ದರೆ ಮೇಲೆ ಎಷ್ಟು ಚೆಂದ ಹಾಕಿದರೂ ಬಿರುಕು ಬಿಡುತ್ತದೆ. ಈಗ ಅದಕ್ಕೆ ಗಡಗಡ ನಡುಗುವ ಯಂತ್ರ ಬರುತ್ತದೆ. ಆಗ ನಮ್ಮ ಕಡೆ ಅಂಥ ಕೆಲಸಕ್ಕೆ ಕರೆಯುತ್ತಿದ್ದದ್ದು ಕುರಿಗಳನ್ನು. ನಗಬೇಡಿ, ನಿಜವಾಗಿಯೂ ಕುರಿಗಳನ್ನೇ. ಮೊರಮು, ಅಂದರೆ ಕೆಂಪು ಗರಸು ಮಣ್ಣು ಹಾಸಿ, ನೀರು ಚಿಮುಕಿಸಿ, ಅದರ ಮೇಲೆ ಕುರಿಮಂದೆಯನ್ನು ಅತ್ತಿಂದಿತ್ತ ಇತ್ತಿಂದತ್ತ ನಡೆಸಿದರೆ, ಆ ಪುಟ್ಟ ಗೊರಸುಗಳು ಕುಟ್ಟಿ ಕುಟ್ಟಿ ನೆಲವನ್ನು ಕಲ್ಲಿನಂತೆ ಮಾಡಿಬಿಡುತ್ತಿದ್ದವು. ಕೆರೆಯ ಏರಿ ಕಟ್ಟುವಾಗಲೂ ಹೀಗೆಯೇ ಮಾಡುತ್ತಿದ್ದರಂತೆ. ನಮ್ಮದು ಕುರಿ ಸಾಕುವ ಮನೆ. ಹಾಗಾಗಿ ಅಪ್ಪನನ್ನು ಕರೆದರು. ಅಪ್ಪನ ಜೊತೆಗೆ ಅಕ್ಕ, ಅಕ್ಕನ ಸೆರಗು ಹಿಡಿದುಕೊಂಡು ನಾನು.

ಅಕ್ಕನ ಹಿಂದೆ ಇನ್ನೊಬ್ಬಳು ಬರುತ್ತಿದ್ದಳು. ಅವಳ ಹೆಸರು ಚುಕ್ಕಿ. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಕರಿ ಕುರಿಮರಿ ಅದು. ಹುಟ್ಟಿದ ದಿನವೇ ತಾಯಿ ಸತ್ತಿತ್ತು. ಅಕ್ಕ ಬಟ್ಟೆಯ ತುದಿಯನ್ನು ಮೇಕೆಹಾಲಿನಲ್ಲಿ ಅದ್ದಿ ಅದ್ದಿ ಚೀಪಿಸಿ ಬದುಕಿಸಿದ್ದಳು. ಅಜ್ಜನ ಹಳೆಯ ಕಂಬಳಿಯ ಒಂದು ತುಂಡು ಅಕ್ಕನದಾಗಿತ್ತು, ಹಗಲು ಅದು ಅವಳ ಹೆಗಲ ಮೇಲೆ, ರಾತ್ರಿ ಅದರೊಳಗೆ ಅಕ್ಕ ಮತ್ತು ಚುಕ್ಕಿ ಇಬ್ಬರೂ ಮಲಗುತ್ತಿದ್ದರು. ಕಂಬಳಿ ನೆಲಕ್ಕೆ ಬಿದ್ದರೆ ಸಾಕು, ಹಗಲೋ ರಾತ್ರಿಯೋ ನೋಡದೆ ಚುಕ್ಕಿ ಹೋಗಿ ಅದರಲ್ಲಿ ಮುದುಡಿಕೊಳ್ಳುತ್ತಿತ್ತು. ಅದು ಮಲಗಿದಾಗ ಅಕ್ಕ ಅದನ್ನು ದಾಟುತ್ತಲೇ ಇರಲಿಲ್ಲ, ಸುತ್ತು ಹಾಕಿಯೇ ಹೋಗುತ್ತಿದ್ದಳು. ಮಲಗಿದವರನ್ನು ದಾಟಬಾರದು ಎಂದು ನಮ್ಮಮ್ಮ ಹೇಳಿದ್ದು ಮನುಷ್ಯರಿಗೆ. ಅಕ್ಕ ಅದನ್ನು ಕುರಿಮರಿಗೂ ಅನ್ವಯಿಸಿಬಿಟ್ಟಿದ್ದಳು.

ಆ ದಿನ ಅಂಗಳದ ಒಂದು ಮೂಲೆಯಲ್ಲಿ ಡಾಂಬರಿನ ಪೀಪಾಯಿಗಳನ್ನು ಒಲೆಯ ಮೇಲೇರಿಸಿದ್ದರು. ಕಪ್ಪನೆಯ ಡಾಂಬರು ಕುದಿಯುತ್ತ ಗುಳುಗುಳು ಎನ್ನುತ್ತಿತ್ತು. ಆ ಹೊಗೆ ಗಂಟಲಲ್ಲಿ ಕೂತರೆ ಊಟದವರೆಗೂ ಹೋಗುತ್ತಿರಲಿಲ್ಲ. ಜೊತೆಗೆ ಗೋದಾಮಿನಿಂದ ಹಳೆಯ ಬೆಲ್ಲದ ವಾಸನೆ. ಆ ಎರಡೂ ಸೇರಿದ ವಾಸನೆ ಈಗಲೂ ಎಲ್ಲಿಯಾದರೂ ಬಂದರೆ ನನ್ನ ಕೈಮೇಲಿನ ಕೂದಲು ನಿಂತುಕೊಳ್ಳುತ್ತವೆ.

ಮೂಲೆಯಲ್ಲಿ ಡಾಂಬರಿನ ಕೆಲಸ ಶುರುವಾಗಿತ್ತು, ಇನ್ನೊಂದು ಕಡೆ ನಮ್ಮ ಕುರಿಗಳು ತುಳಿಯುತ್ತಿದ್ದವು. ಮೊದಮೊದಲು ಎಲ್ಲ ಸರಿಯಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ನಾನು ಒಂದು ವಿಚಿತ್ರ ಕಂಡೆ. ಅಂಗಳದ ನಡುವೆ ಒಂದು ಜಾಗಕ್ಕೆ ಬಂದಾಗ ಮಂದೆ ಎರಡಾಗಿ ಸೀಳಿಕೊಂಡು, ಆಚೆ ಹೋಗಿ ಮತ್ತೆ ಒಂದಾಗುತ್ತಿತ್ತು. ಹೊಳೆಯ ನಡುವೆ ಬಂಡೆ ಇದ್ದರೆ ನೀರು ಹೋಗುತ್ತದಲ್ಲ, ಹಾಗೆ. ಆದರೆ ಅಲ್ಲಿ ಬಂಡೆ ಇರಲಿಲ್ಲ. ಏನೂ ಇರಲಿಲ್ಲ. ಎಲ್ಲ ಕಡೆ ಇದ್ದಂಥದ್ದೇ ಕೆಂಪು ಮೊರಮು. ತಿರುಗಿಸಿ ಹೊಡೆದರೂ ಅಷ್ಟೇ. ಇಡೀ ಅಂಗಳದ ತುಂಬ ಗೊರಸಿನ ಗುರುತು, ಅಲ್ಲಿ ಮಾತ್ರ ಗುಂಡಗೆ, ನುಣ್ಣಗೆ, ಒಂದು ಗುರುತೂ ಇಲ್ಲ.

ಡಾಂಬರಿನ ಮೇಸ್ತ್ರಿಗೆ ಸಿಟ್ಟು ಬಂತು. "ಏನ್ ನೋಡ್ಕೋತ ನಿಂತೀರಿ? ಜಲ್ದಿ ಹೊಡೀರಿ! ನಡುವ ಹಸೀ ಉಳೀತಂದ್ರ ನಾಳಿ ಲಾರಿ ಗಾಲಿ ಸಿಗಬೀಳ್ತದ, ಮಾತು ನನ್ ಮ್ಯಾಲ ಬರ್ತದ."

"ಹಾವು ಗೀವು ಇರಬೇಕು ತಡೀರಿ," ಎಂದು ಅಪ್ಪ ಕೋಲಿನಿಂದ ಅಲ್ಲಿ ಇಲ್ಲಿ ತಿವಿದ. ಹಾವೂ ಇಲ್ಲ, ಬಿಲವೂ ಇಲ್ಲ. ಅಪ್ಪನಿಗೂ ನಾಚಿಕೆಯಾಯಿತೆಂದು ಕಾಣುತ್ತದೆ. ಮುಂದಾಳು ಟಗರಿನ ಕೊಂಬು ಹಿಡಿದು ಎಳೆದ. ಟಗರು ನಾಲ್ಕೂ ಕಾಲು ಊರಿ ನಿಂತಿತು. ಅದರ ಕಿವಿಗಳು ಮಾತ್ರ ನೆಲದ ಕಡೆಗೆ ಬಾಗಿದ್ದವು, ಕೆಳಗೆ ಯಾರೋ ಮಾತಾಡುವುದನ್ನು ಕೇಳಿಸಿಕೊಳ್ಳುವಂತೆ.

ಈ ಗದ್ದಲದ ನಡುವೆ ಚುಕ್ಕಿ ಕುಣಿಯುತ್ತ ಹೋಗಿ ಆ ನುಣುಪು ಜಾಗದ ಮಧ್ಯದಲ್ಲಿ ನಿಂತಿತು. ತಲೆ ಓರೆ ಮಾಡಿ ಒಮ್ಮೆ ಕೂಗಿತು. ಕೆಳಗಿನಿಂದ 'ಢಬ್' ಎಂದು ಒಂದು ದಪ್ಪ ಸದ್ದು ಬಂತು. ನಾನು ಕಣ್ಣು ಮಿಟುಕಿಸುವುದರೊಳಗೆ ಚುಕ್ಕಿ ಇದ್ದಲ್ಲಿ ಚುಕ್ಕಿ ಇರಲಿಲ್ಲ. ಅಲ್ಲಿ ಒಂದು ಕಪ್ಪು ತೂತು ಇತ್ತು.

ಅದು ಹಗೇವು. ನಿಮಗೆ ಗೊತ್ತಿರುವುದಿಲ್ಲ, ಹೇಳುತ್ತೇನೆ. ಹಿಂದಿನ ಕಾಲದಲ್ಲಿ ಜೋಳವನ್ನು ನೆಲದಡಿಯ ಕಣಜದಲ್ಲಿ ತುಂಬಿಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಮೇಲೆ ಕಲ್ಲು ಮುಚ್ಚಿ ಮಣ್ಣು ಹಾಕಿಬಿಟ್ಟರೆ ಗುರುತೇ ಸಿಗದು. ಗೋದಾಮು ಕಟ್ಟುವ ಎಷ್ಟೋ ಮೊದಲು ಯಾರೋ ತೋಡಿದ್ದ ಹಗೇವು ಅದು. ಸಾಹುಕಾರರಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಮುಚ್ಚುಗಲ್ಲು ಯಾವಾಗಲೋ ಸೀಳಿತ್ತು.

ಆಳದಿಂದ ಚುಕ್ಕಿಯ ಕೂಗು ಕೇಳಿಸಿತು. ಅಕ್ಕ ಓಡಿದಳು. ಇನ್ನೇನು ತೂತಿನ ಅಂಚಿಗೆ ಕಾಲಿಡಬೇಕು, ಅಪ್ಪ ಅವಳ ಜಡೆ ಹಿಡಿದು ಹಿಂದಕ್ಕೆಳೆದ.

"ಬಿಡಪ್ಪಾ! ನಾ ಇಳಿದು ತರ್ತೀನಿ!"

"ಹುಚ್ಚಿ, ಹಗೇವು ಅದು! ಒಳಗಿನ ಗಾಳಿ ಕೆಟ್ಟಿರ್ತದ. ಇಳಿದವ್ರು ಮ್ಯಾಲ ಬರಂಗಿಲ್ಲ."

ಅಪ್ಪ ಒಲೆಯಿಂದ ಉರಿಯುವ ಒಂದು ಕೊಳ್ಳಿಯನ್ನು ತಂದು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟ. ನಾವೆಲ್ಲ ಬೋರಲು ಮಲಗಿ ಬಗ್ಗಿ ನೋಡಿದೆವು. ಕೊಳ್ಳಿ ಸ್ವಲ್ಪ ದೂರ ಇಳಿಯಿತು. ಆಮೇಲೆ, ಗಾಳಿಯೇ ಇಲ್ಲದ ಆ ಜಾಗದಲ್ಲಿ, ಯಾರೋ ಬೆರಳಿನಿಂದ ಹಿಸುಕಿದಂತೆ ಪಟ್ಟನೆ ಆರಿತು. ನೆತ್ತಿಯ ಮೇಲೆ ಸುಡು ಬಿಸಿಲಿತ್ತು. ಆದರೂ ನಾನು ಅಕ್ಕನ ಸೆರಗನ್ನು ಮೈಗೆ ಸುತ್ತಿಕೊಂಡೆ.

ಅಪ್ಪ ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ, ಇಳಿಸಿ, ಎತ್ತಿ, ಇಳಿಸಿ, ಎತ್ತಿ, ಒಳಗಿನ ಗಾಳಿಯನ್ನು ಕಡೆಯತೊಡಗಿದ. ಹುಳಿತ ಜೋಳದ ವಾಸನೆ ಮುಖಕ್ಕೆ ರಾಚಿತು. ಚುಕ್ಕಿಯ ಕೂಗು ಸಣ್ಣದಾಗುತ್ತಿತ್ತು. ಮೇಸ್ತ್ರಿ ಪೀಪಾಯಿಗಳ ಕಡೆ ನೋಡಿ, "ಮುಚ್ಚಿಬಿಡೂಣ್ರಿ. ಒಂದ್ ಮರಿ ಹೋದ್ರ ಹೋತು, ಮಂದಿ ಬಿದ್ರ ಏನ್ ಮಾಡ್ತೀರಿ?" ಎಂದ. ಅವನು ಹೇಳಿದ್ದು ತಪ್ಪೇನಲ್ಲ. ಆದರೆ ಆಗ ನನಗೆ ಅವನನ್ನು ಕಚ್ಚಬೇಕೆನಿಸಿತು.

ಅಕ್ಕ ಅಳುವುದನ್ನು ನಿಲ್ಲಿಸಿದಳು. ಹೆಗಲ ಮೇಲಿನ ಕಂಬಳಿ ತೆಗೆದು ನಾಲ್ಕೂ ಮೂಲೆಗೆ ಹಗ್ಗ ಕಟ್ಟಿದಳು. ಅಂಚಿನಲ್ಲಿ ಮಲಗಿ, ಅಪ್ಪನ ಕೈಗೆ ತನ್ನ ಕಾಲು ಕೊಟ್ಟು, ಕಂಬಳಿಯನ್ನು ಕೆಳಗೆ ಬಿಟ್ಟಳು. ದಿನಾ ರಾತ್ರಿ ಕರೆಯುವ ದನಿಯಲ್ಲೇ ಕರೆದಳು, "ಬಾ ಚುಕ್ಕೀ, ಮಕ್ಕೊಳೂಣು ಬಾ."

ಕುರಿಗಳು ಮೇವಿನ ಕಡೆ ಬಾಯಿ ಹಾಕದೆ ನಿಂತಿದ್ದವು. ಸ್ವಲ್ಪ ಹೊತ್ತಿಗೆ ಹಗ್ಗ ಬಿಗಿಯಿತು. ಅಪ್ಪ, ಮೇಸ್ತ್ರಿ, ಅಕ್ಕ ಮೂವರೂ ಎಳೆದರು. ಕಂಬಳಿಯ ಗುಳಿಯಲ್ಲಿ ಚುಕ್ಕಿ ಮುದುಡಿಕೊಂಡು ಮಲಗಿತ್ತು. ಅಕ್ಕ ಅದರ ಮೂಗಿಗೆ ಬಾಯಿಟ್ಟು ಊದಿದಳು. ಚುಕ್ಕಿ ಕಣ್ಣು ಬಿಟ್ಟಿತು, ಕಾಲು ಝಾಡಿಸಿತು, ಎದ್ದು ಅಕ್ಕನ ಮಡಿಲಿಗೆ ಬಂತು. ನಾನು ಖುಷಿಯಿಂದ ಕುಣಿದಾಡಿದೆ. ಮೇಸ್ತ್ರಿ ಕೂಡ ನಕ್ಕ.

ಆಗ ಹಗೇವಿನೊಳಗಿನಿಂದ ಕುರಿಮರಿಯ ಕೂಗು ಕೇಳಿಸಿತು.

ಅದೇ ದನಿ. ಚುಕ್ಕಿಯ ದನಿ. ಚುಕ್ಕಿ ಅಕ್ಕನ ಮಡಿಲಲ್ಲಿ ಬಾಯಿ ಮುಚ್ಚಿಕೊಂಡು ಕೂತಿತ್ತು.

ಮೇಸ್ತ್ರಿಯ ನಗು ಮುಖದ ಮೇಲೆಯೇ ಒಣಗಿತು. ಅಪ್ಪ ಎದ್ದು ಮಂದೆಯನ್ನೆಲ್ಲ ಎಣಿಸಿದ, ಮತ್ತೊಮ್ಮೆ ಎಣಿಸಿದ. "ನಮ್ಮವು ಎಲ್ಲಾ ಅವ," ಎಂದ ಮೆಲ್ಲಗೆ. ಮತ್ತೆ ಕೂಗು. "ಆವಾಜು ಒಳಗ ಸುತ್ತಾಡ್ತಿರ್ತದ್ರಿ, ಅಷ್ಟೇ," ಎಂದ ಮೇಸ್ತ್ರಿ. ಆದರೆ ಅವನು ಅಂಚಿನಿಂದ ದೂರ ಸರಿದು ನಿಂತಿದ್ದ.

"ಇಲ್ಲ, ಇನ್ನೊಂದು ಅದ," ಎಂದಳು ಅಕ್ಕ. ಕಂಬಳಿಯನ್ನು ಮತ್ತೆ ಇಳಿಸಿದಳು, ಮತ್ತೆ ಕರೆದಳು, ಕಾದಳು, ಎಳೆದಳು. ಹಗ್ಗ ಹಗುರವಾಗಿ ಬಂತು. ಕಂಬಳಿ ಖಾಲಿ ಇತ್ತು. ಅಪ್ಪ ಅದರೊಳಗೆ ಕೈ ಇಟ್ಟವನು ಥಟ್ಟನೆ ಹಿಂದಕ್ಕೆ ತೆಗೆದ. ನಾನೂ ಮುಟ್ಟಿ ನೋಡಿದೆ. ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆ ಇರುತ್ತದಲ್ಲ, ಅಷ್ಟು ಬೆಚ್ಚಗಿತ್ತು.

ಕೆಳಗಿನ ಕೂಗು ನಿಲ್ಲಲಿಲ್ಲ. ಅದನ್ನು ಕೇಳಿಸಿಕೊಂಡು ಹೇಗೆ ಮುಚ್ಚುವುದು? ಮುಚ್ಚದೆ ಹೇಗೆ ಬಿಡುವುದು? ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಅಕ್ಕ ಮಾತ್ರ ಒಂದೊಂದೇ ಗಂಟು ಬಿಚ್ಚಿದಳು. ತನ್ನ ಒಂದೇ ಒಂದು ಕಂಬಳಿಯನ್ನು ಎದೆಗೊತ್ತಿಕೊಂಡು, ಆಮೇಲೆ ಮೆಲ್ಲಗೆ ಹಗೇವಿನ ಬಾಯಿಯೊಳಗೆ ಬಿಟ್ಟಳು.

"ಮಕ್ಕೋ," ಎಂದಳು. "ಚಳಿ ಹತ್ತಂಗಿಲ್ಲ ಇನ್ನ."

ಕೂಗು ನಿಂತಿತು.

ಆ ದಿನ ಯಾರೂ ಜೋರಾಗಿ ಮಾತಾಡಲಿಲ್ಲ. ಕಲ್ಲುಗಳನ್ನು ಎಸೆಯದೆ, ಬುಟ್ಟಿಯಲ್ಲಿ ಮಣ್ಣು ಇಳಿಸಿ ಇಳಿಸಿ ಹಗೇವನ್ನು ತುಂಬಿದರು. ಹಾಗೆ ಮಾಡಿ ಎಂದು ಹೇಳಿದವನು ಮೇಸ್ತ್ರಿಯೇ. ಮೇಲೆ ಮೊರಮು ಹಾಕಿ ಮಂದೆಯನ್ನು ಹೊಡೆದರೆ ಕುರಿಗಳು ಮತ್ತೆ ಎರಡಾಗಿ ಸೀಳಿದವು. ಅಪ್ಪ ಈ ಸಲ ಬಲವಂತ ಮಾಡಲಿಲ್ಲ. ಕೆಲವು ದಿನಗಳ ಮೇಲೆ ಅಲ್ಲಿಗೂ ಡಾಂಬರು ಬಂತು, ಎಲ್ಲ ಒಂದೇ ಕಪ್ಪಾಯಿತು.

ಚುಕ್ಕಿ ದೊಡ್ಡದಾಯಿತು, ಮರಿ ಹಾಕಿತು. ಆದರೆ ಅದು ಮತ್ತೆಂದೂ ಕೂಗಲಿಲ್ಲ. ಹಸಿವಾದಾಗ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ. ಗೋದಾಮಿನ ಮುಂದೆ ಹಾದುಹೋಗುವಾಗಲೆಲ್ಲ ಡಾಂಬರಿನ ಅಂಚಿನಲ್ಲಿ ನಿಂತು ಕಿವಿ ಬಾಗಿಸುತ್ತಿತ್ತು. ಆ ವರ್ಷದ ಚಳಿಗಾಲದಲ್ಲಿ ಅಕ್ಕ ನನ್ನ ಕೌದಿಯೊಳಗೆ ತೂರಿಕೊಂಡು ಮಲಗಿದಳು, ಅವಳ ತಣ್ಣನೆಯ ಪಾದ ನನ್ನ ಹೊಟ್ಟೆಗೆ. ಎಷ್ಟು ಬೈದರೂ ತೆಗೆಯುತ್ತಿರಲಿಲ್ಲ. ಆಮೇಲೆ ಮದುವೆಯಾಗಿ ನಾರಾಯಣಖೇಡಕ್ಕೆ ಹೋದಳು. ತವರಿಗೆ ಬಂದಾಗಲೆಲ್ಲ, ಊಟಕ್ಕೆ ಕೂರುವ ಮೊದಲೇ ಕೇಳುತ್ತಿದ್ದಳು, "ಅಲ್ಲಿ ಸುಮ್ಕದ ಏನು?" ಈಗ ಕೇಳಲು ಅವಳಿಲ್ಲ. ಅವಳ ನೆನಪಾದರೆ ನನಗೆ ಈಗಲೂ ಹೊಟ್ಟೆಯ ಮೇಲೆ ತಣ್ಣಗಾಗುತ್ತದೆ.

ಗೋದಾಮೂ ಈಗಿಲ್ಲ. ಅದರ ಜಾಗದಲ್ಲಿ ನಾವಿರುವ ಈ ಫ್ಲ್ಯಾಟುಗಳು ಎದ್ದಿವೆ. ಆ ಅಂಗಳವೇ ನಿಮ್ಮ ಪಾರ್ಕಿಂಗು. ಹೋದ ವರ್ಷ ಹೊಸ ಡಾಂಬರು ಹಾಕಲು ಯಂತ್ರ ಬಂದಾಗ ನೀವು ಬಾಲ್ಕನಿಯಿಂದ ನೋಡಿದಿರಿ, ನಿಮ್ಮ ಬೆಳಗಿನ ತಿಂಡಿ ಮುಗಿಯುವುದರೊಳಗೆ ಅರ್ಧ ಅಂಗಳ ಮುಗಿದಿತ್ತು. ಕಾರುಗಳಿಗೆ ಬಿಳಿ ಗೆರೆ ಎಳೆದರು, ನಿಮ್ಮ ಕ್ರಿಕೆಟ್ಟಿಗೆ ಒಳ್ಳೆಯ ಪಿಚ್ಚೂ ಆಯಿತು. ಒಂದು ಜಾಗ ಮಾತ್ರ ಮಳೆ ಬಂದಾಗ ಗುಂಡಗೆ ತಗ್ಗುತ್ತದೆ. ದುರಸ್ತಿಯವರು ಬಂದು ತೇಪೆ ಹಾಕಿ ಹೋಗುತ್ತಾರೆ, ಮುಂದಿನ ಮಳೆಗೆ ಮತ್ತೆ ತಗ್ಗು. ಕೆಳಗೆ ಪೈಪು ಒಡೆದಿರಬೇಕು ಎನ್ನುತ್ತಾನೆ ವಾಚ್‌ಮನ್. ಚಳಿಗಾಲದ ಬೆಳಿಗ್ಗೆ ಇಡೀ ಪಾರ್ಕಿಂಗು ಬಿಟ್ಟು ಬೀದಿನಾಯಿಯ ಮರಿಗಳೆಲ್ಲ ಅಲ್ಲಿಯೇ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ.

ನಾನು ಹಾಲು ತರಲು ಹೋಗುವಾಗ ಆ ಜಾಗಕ್ಕೆ ಸುತ್ತು ಹಾಕಿ ಹೋಗುತ್ತೇನೆ. ನನ್ನ ಹಿಂದೆ ಬರುವ ನೀವೂ ಸುತ್ತು ಹಾಕುತ್ತೀರಿ. ನಾನು ಯಾವತ್ತೂ ಹೇಳಿಕೊಟ್ಟಿಲ್ಲ, ಏಕೆ ಎಂದು ನೀವೂ ಯಾವತ್ತೂ ಕೇಳಿರಲಿಲ್ಲ. ಮೊನ್ನೆ ನಿಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು ಕೇಳಿದಳು. ಕೇಳಿ ಸುಮ್ಮನಿರದೆ, ನಾಯಿಮರಿಗಳನ್ನು ಪಕ್ಕಕ್ಕೆ ಸರಿಸಿ, ಆ ಡಾಂಬರಿಗೆ ಕಿವಿ ಇಟ್ಟು ಮಲಗಿಬಿಟ್ಟಳು. ನಾನು ಹಾಲಿನ ಪಾತ್ರೆಯನ್ನು ಕೆಳಗಿಟ್ಟು ಅವಳ ಕಡೆ ಬಗ್ಗಿದೆ.

"ಬೆಚ್ಚಗದ ಅಜ್ಜಿ," ಎಂದಳು. "ಆದ್ರ ಏನೂ ಕೇಳಸವಲ್ದು."

ಕೇಳಿಸಬಾರದು ಮಗಳೇ. ಏಳು, ಮೆಲ್ಲಗೆ ಏಳು. ಅದು ಇನ್ನೂ ಮಲಗಿದೆ.